ಜೂರಕಾನ್ ಕೊಂಡ ಮಗು

ನಾನು ಕುರಿ-ಕುದುರೆಗಳ ಡಾಕ್ಟರು. ಸೇವಾ ಸಂಘಕ್ಕೆ ಸೇರಿದ್ದು ಸೇವೆ ಮಾಡುವ ಉಮೇದಿನಿಂದಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕುರಿಗಾಹಿಗಳ ಬೆಟ್ಟಸೀಮೆಯ ಕೊಚ್ಕೋರ್ ಪೇಟೆಯ ಚಹಾದಂಗಡಿಯ ಹಿಂದಿನ ಕೋಣೆಯಲ್ಲಿ ಗುರುವಾರ ಗುರುವಾರ ಸಂಘ ಸೇರುತ್ತಿತ್ತು. ಅಲ್ಲಿ ಕುರಿಮಾಂಸದ ಊಟ ಚೆನ್ನಾಗಿರುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ವಾರಕ್ಕೊಮ್ಮೆಯಾದರೂ ಬಿಸಿ ಊಟ ಸಿಗಲಿ ಎಂದು ಹೋದವನು, ಎರಡನೇ ಗುರುವಾರವೇ ಜೂರಕಾನ್ ಕೈಗೆ ಸಿಕ್ಕಿಬಿದ್ದೆ.

ಜೂರಕಾನ್ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತವಳು. ಊರಿಗೆಲ್ಲ ಅವಳು ಎಜೆ, ಅಂದರೆ ಅಕ್ಕ. ಹೆಸರಿಗೆ ಅಕ್ಕ, ಬಾಯಿ ಮಾತ್ರ ಅತ್ತೆಯದು. ತಡವಾಗಿ ಬಂದು ಗೋಗರೆಯುವವರಿಗೆ ಅವಳು ಕೊಡುತ್ತಿದ್ದ ಉತ್ತರ ಒಂದೇ. "ಬಸ್ ಹೋಯ್ತು. ನಿಂಗೆ ನೆಟ್ಟಗಿರೋ ಕಾಲು ಎರಡಿವೆಯಲ್ಲ, ಓಡು!" ಅವಳ ಎಡಗಾಲು ಕಡ್ಡಿಯಂತೆ ಒಣಗಿತ್ತು. ತೊಡೆಯಿಂದ ಹಿಮ್ಮಡಿವರೆಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುತ್ತಿದ್ದಳು. ಮದುವೆ ಆಗಿರಲಿಲ್ಲ. ಕೇಳಿಕೊಂಡು ಬಂದವರು ಇರಲಿಲ್ಲವೋ, ಬಂದವರನ್ನು ಇವಳೇ ಓಡಿಸಿದಳೋ, ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

ಕಾಲಿನ ಕಥೆಯನ್ನು ಮಾತ್ರ ಅವಳೇ ಹೇಳಿದ್ದಳು. ಮೂರು ವರ್ಷದವಳಿದ್ದಾಗ, ಅಪ್ಪ ಕುರಿ ಹೊಡೆದುಕೊಂಡು ಹೋಗಿದ್ದ ಬೇಸಿಗೆಯ ಹುಲ್ಲುಗಾವಲಿನಲ್ಲಿ ಜ್ವರ ಬಂತು. ಜ್ವರ ಇಳಿಯಿತು, ಕಾಲು ಏಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ನರ್ಸುಗಳು ಕುದುರೆ ಮೇಲೆ ಪೋಲಿಯೊ ಔಷಧಿ ತಂದರು. ಆಗ ಅದು ಸಕ್ಕರೆ ಮಿಠಾಯಿಯ ಒಳಗೆ ಬರುತ್ತಿತ್ತು.

"ಸಾಲಲ್ಲಿ ಕೂರಿಸಿ ನಂಗೂ ಒಂದು ಕೊಟ್ರು ಕಣೋ. ಬಲು ಸಿಹಿ ಇತ್ತು," ಎಂದಿದ್ದಳು. ಅದನ್ನು ಹೇಳುವಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ. ಸಿಟ್ಟಿತ್ತು.

ನಮ್ಮ ಸಂಘ ಶಾಲೆಗೆ ಒಲೆ ಹಾಕಿಸುತ್ತಿತ್ತು, ಮುದುಕರಿಗೆ ಕನ್ನಡಕ ಕೊಡಿಸುತ್ತಿತ್ತು. ಜಗತ್ತಿನಿಂದ ಪೋಲಿಯೊ ತೊಲಗಿಸುವ ಕೆಲಸಕ್ಕೂ ವರ್ಷ ವರ್ಷ ಕೈಲಾದಷ್ಟು ಕಳಿಸುತ್ತಿತ್ತು. ಅದು ಯಾವುದೋ ದೂರದ ಮಕ್ಕಳಿಗೆ ಎಂದೇ ನಾವೆಲ್ಲ ತಿಳಿದಿದ್ದೆವು. ಆ ವರ್ಷ ವಸಂತದಲ್ಲಿ ಪೋಲಿಯೊ ನಮ್ಮ ನೆರೆಯ ದೇಶಕ್ಕೇ ಬಂದು ಕೂತಿತು. ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹನಿ ಹಾಕಬೇಕು, ದೂರದ ಹುಲ್ಲುಗಾವಲುಗಳಿಗೆ ಹೋಗಲು ಜನ ಸಾಲದು ಎಂದು ಆರೋಗ್ಯ ಇಲಾಖೆಯವರು ಸಂಘವನ್ನು ಕೇಳಿದರು. ಅಧ್ಯಕ್ಷ ಕುಬಾತ್‌ಬೆಕ್ ಎದ್ದು ನಿಂತು, "ಯೋಚಿಸೋಣ" ಎನ್ನುವಷ್ಟರಲ್ಲಿ ಜೂರಕಾನ್, "ಹೋಗ್ತೀವಿ ಅಂತ ಬರ್ಕೊಳ್ಳಿ" ಎಂದಳು.

ಕುಬಾತ್‌ಬೆಕ್ ಕೆಟ್ಟವನಲ್ಲ. ಅತಿಥಿಗೃಹ ನಡೆಸುವವನು, ಕೈ ಧಾರಾಳ. ಆದರೆ ಬ್ಯಾನರ್ ಕಟ್ಟಿ ಫೋಟೊ ತೆಗೆಸದ ಹೊರತು ಅವನಿಗೆ ಮಾಡಿದ ಪುಣ್ಯ ಮೈಗೆ ಹತ್ತುವುದಿಲ್ಲ. ನನ್ನ ಪಾಲಿಗೆ ಬಂದ ಕೆಲಸ ಔಷಧಿ ತಣ್ಣಗಿಡುವ ಮಂಜುಗಡ್ಡೆಯ ಪೆಟ್ಟಿಗೆ ಹೊರುವುದು. ಕುರಿಗಳ ಲಸಿಕೆಗೆಂದು ನನ್ನ ಬಳಿ ಇದ್ದ ಪೆಟ್ಟಿಗೆಯನ್ನು ಜೂರಕಾನ್ ಮೂರು ಸಲ ತೊಳೆಸಿದಳು. ಮೂರನೇ ಸಲ ಮೂಗು ಒಳಗಿಟ್ಟು ಮೂಸಿಯೂ ನೋಡಿದಳು.

ಎರಡನೇ ದಿನ ನಮ್ಮ ಪಾಲಿಗೆ ಉಳಿದದ್ದು ಕಾಶ್ಕಾ-ಸೂ ಎಂಬ ಕೊನೆಯ ಹುಲ್ಲುಗಾವಲು. ವ್ಯಾನು ಸೇತುವೆಯವರೆಗೆ ಮಾತ್ರ ಹೋಗುತ್ತದೆ, ಆಮೇಲೆ ಒಂದೂವರೆ ಗಂಟೆಯ ಏರು. ಮೇಲೆ ಹಳ್ಳದ ಈಚೆ-ಆಚೆ ಹತ್ತೊಂಬತ್ತು ಉಣ್ಣೆ ಗುಡಾರಗಳು. ಈಚೆಯವು ನನಗೂ ಜೂರಕಾನ್‌ಗೂ, ಆಚೆಯವು ಕುಬಾತ್‌ಬೆಕ್ ಮತ್ತು ನಮ್ಮ ಜೊತೆ ಬಂದಿದ್ದ ನರ್ಸಿಗೆ ಎಂದು ಹಂಚಿಕೊಂಡೆವು. ಸೇತುವೆ ಬಳಿಯ ಕುರಿಗಾಹಿಯೊಬ್ಬ ಜೂರಕಾನ್‌ಗೆ ಕುದುರೆ ಕೊಟ್ಟ.

ಬಾತ್ಮಾ ಎಂಬ ಅಜ್ಜಿಯ ಗುಡಾರದಲ್ಲಿ ಅವಳ ಹಿರಿಮಗನ ಇಬ್ಬರು ಮಕ್ಕಳಿದ್ದರು. ಅಜ್ಜಿ ನನ್ನನ್ನು ನೋಡಿದ್ದೇ ನಕ್ಕಳು. "ಏನ್ ಡಾಕ್ಟ್ರೇ, ಕುರಿ ಮುಗಿದ್ವು, ಈಗ ನಮ್ಮ ಮೊಮ್ಮಕ್ಕಳಾ?"

"ಕುರಿಗೆ ಇಷ್ಟು ಒಳ್ಳೇದು ಕೊಡಲ್ಲ ಅಜ್ಜಿ. ಇದು ಬರೀ ಹನಿ, ಸೂಜಿ ಅಲ್ಲ."

ಇಬ್ಬರೂ ಬಾಯಿ ತೆರೆದರು, ಹನಿ ಹಾಕಿದೆವು, ಬೆರಳಿಗೆ ಮಸಿ ಹಚ್ಚಿದೆವು. ಅಷ್ಟರಲ್ಲಿ ಮೂಲೆಯಲ್ಲಿದ್ದ ಬಟ್ಟೆ ಮುಚ್ಚಿದ ತೊಟ್ಟಿಲಿನಿಂದ ಕುಂಯ್ ಎಂದು ಸದ್ದು ಬಂತು.

"ಅದು ಯಾರು?" ಎಂದಳು ಜೂರಕಾನ್.

"ಅದು ನಮ್ದಲ್ಲ. ಹಳ್ಳದ ಆಚೆ ಸಲೀಮಾ ಮಗು. ಅವಳು ಕುರಿ ಹಿಂದೆ ಹೋಗಿದಾಳೆ."

ಒಲೆಯ ಬಳಿ ಕೂತಿದ್ದ ಕಿರಿಸೊಸೆ ಐಜಿರೆಕ್ ತಲೆ ಎತ್ತಲಿಲ್ಲ. ಆಚೆಯ ಮನೆಯದಾದರೆ ಆಚೆಯವರು ಹಾಕುತ್ತಾರೆ ಎಂದು ನಾವು ಮುಂದಿನ ಗುಡಾರಕ್ಕೆ ನಡೆದೆವು. ತಪ್ಪಾದದ್ದು ಅಲ್ಲಿಯೇ. ಬೇರೆ ಕಡೆಯವರಾಗಿದ್ದರೆ ಬಟ್ಟೆ ಸರಿಸಿ ನೋಡುತ್ತಿದ್ದರೇನೋ. ನಾವು ಇಲ್ಲಿಯವರು. ತೊಟ್ಟಿಲಿನ ಬಟ್ಟೆಗೆ ಕೈ ಹಾಕಬಾರದು, ಯಾರ ಮಗು ಎಂದು ಎರಡು ಸಲ ಕೇಳಬಾರದು ಎಂಬುದು ನಮಗೆ ತಾಯಿಯ ಹಾಲಿನ ಜೊತೆಗೇ ಬಂದದ್ದು.

ಮಧ್ಯಾಹ್ನ ಸೇತುವೆ ಬಳಿ ಇಳಿದು ರೊಟ್ಟಿ ಬಿಚ್ಚಿದೆವು. ಕುಬಾತ್‌ಬೆಕ್ ಬ್ಯಾನರ್ ಕಟ್ಟಲು ಮರ ಹುಡುಕಿಕೊಂಡು ಬಂದು, ತನ್ನ ಪಟ್ಟಿಯನ್ನು ಗಟ್ಟಿಯಾಗಿ ಓದತೊಡಗಿದ. "ಸಲೀಮಾ. ವಿಧವೆ. ಅರವತ್ತೆರಡು ವರ್ಷ. ಮಕ್ಕಳಿಲ್ಲ."

ಜೂರಕಾನ್ ಬಾಯಿಯ ಹತ್ತಿರ ಒಯ್ದಿದ್ದ ರೊಟ್ಟಿ ಕೆಳಗಿಟ್ಟಳು. "ಇನ್ನೊಂದ್ಸಲ ಓದು."

ಅವನು ಓದಿದ.

"ಅರವತ್ತೆರಡರ ವಿಧವೆಗೆ ಎಲ್ಲಿಂದ ಬಂತು ತೊಟ್ಟಿಲು ಮಗು?" ಎಂದು ನನ್ನತ್ತ ತಿರುಗಿದಳು. "ಮಾರಿದ ಮಗು ಕಣೋ ಅದು! ಆ ಹುಡುಗಿ ತಲೆ ತಗ್ಗಿಸಿದಾಗ್ಲೇ ಗೊತ್ತಾಗ್ಬೇಕಿತ್ತು. ಇಲ್ಲೇ ಹುಟ್ಟಿ ಬೆಳೆದೋಳು ನಾನು, ಥೂ!"

ನಮ್ಮಲ್ಲಿ ಒಂದರ ಹಿಂದೆ ಒಂದು ಕೂಸು ಸತ್ತ ಮನೆಯಲ್ಲಿ ಮುಂದೆ ಹುಟ್ಟಿದ್ದನ್ನು ನೆರೆಯವಳಿಗೆ ಒಂದು ಹಿಡಿ ತೌಡಿಗೆ ಮಾರಿಬಿಡುತ್ತಾರೆ. ಮಗು ಇರುವುದು, ಹಾಲು ಕುಡಿಯುವುದು ಹೆತ್ತವಳ ಬಳಿಯೇ. ಆದರೆ ಅದು ನನ್ನದು ಎಂದು ಅವಳು ಬಾಯಿ ಬಿಡುವಂತಿಲ್ಲ. ಸಾವು ಬಂದು ಕೇಳಿದರೆ ಈ ಮನೆಯಲ್ಲಿ ಮಗುವೇ ಇಲ್ಲ. ಕೆಲವು ಮನೆಗಳಲ್ಲಿ ಮಗು ನಡೆಯುವ ತನಕವೂ ಹಾಗೆಯೇ; ಆಮೇಲೆ ಹೆತ್ತವಳು ಒಂದು ಹಿಡಿ ತೌಡು ಕೊಟ್ಟು ಅದನ್ನು ವಾಪಸ್ ಕೊಳ್ಳುತ್ತಾಳೆ. ಸಾವಿಗೆ ಸಿಗದ ಮಗು ನಮ್ಮ ಪಟ್ಟಿಗೂ ಸಿಕ್ಕಿರಲಿಲ್ಲ.

"ಎಜೆ, ಇದನ್ನೂ ಸೇರಿಸಿದ್ರೆ ಎರಡು ದಿನದ ನೂರಾ ಹದಿನೇಳರಲ್ಲಿ ನೂರಾ ಹದಿನಾರು ಆಗಿದೆ," ಎಂದ ಕುಬಾತ್‌ಬೆಕ್. "ಪೆಟ್ಟಿಗೇಲಿ ಮಂಜುಗಡ್ಡೆ ಕರಗ್ತಿದೆ. ಕುದುರೆ ವಾಪಸ್ ಹೋಯ್ತು. ಮುಂದಿನ ತಿಂಗಳು ಎರಡನೇ ಸುತ್ತು ಇದ್ದೇ ಇದೆ. ಒಂದು ಮಗು ಅಲ್ವಾ?"

"ನಮ್ಮ ಬೆಟ್ಟದಲ್ಲಿ ಆ ವರ್ಷ ಕಾಯಿಲೆ ಬಿದ್ದಿದ್ದೂ ಒಂದೇ ಮಗು," ಎಂದಳು ಜೂರಕಾನ್.

ಕುಬಾತ್‌ಬೆಕ್ ಬ್ಯಾನರನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, ಸಂಜೆವರೆಗೆ ವ್ಯಾನು ನಿಲ್ಲಿಸಿಕೊಂಡಿರುತ್ತೇನೆ ಎಂದ. ನಾನು ಪೆಟ್ಟಿಗೆ ಹೆಗಲಿಗೇರಿಸಿದೆ. ನನಗೆ ಹೋಗುವ ಮನಸ್ಸಿತ್ತು ಎಂದರೆ ಸುಳ್ಳಾಗುತ್ತದೆ. ಅವಳೊಬ್ಬಳನ್ನೇ ಕಳಿಸಲು ನಾಚಿಕೆಯಾಯಿತು, ಅಷ್ಟೇ.

ಒಂದೂವರೆ ಗಂಟೆಯ ಏರು ಮೂರು ಗಂಟೆ ಹಿಡಿಯಿತು. ಕಲ್ಲಿನ ಮೇಲೆ ಕಬ್ಬಿಣದ ಪಟ್ಟಿ ಜಾರಿ ಎರಡು ಸಲ ಬಿದ್ದಳು. ಎತ್ತಲು ಹೋದರೆ, "ಪೆಟ್ಟಿಗೆ ನೆರಳಲ್ಲಿ ಹಿಡ್ಕೋ, ನನ್ನನ್ನಲ್ಲ" ಎಂದು ಬೈದಳು. ಪಟ್ಟಿ ಉಜ್ಜಿ ಮೊಣಕಾಲಿನ ಕೆಳಗೆ ಕಾಲ್ಚೀಲ ರಕ್ತದಲ್ಲಿ ನೆನೆದಿತ್ತು. ನಾನು ನೋಡಿದ್ದನ್ನು ಅವಳು ನೋಡಿದಳು. ಮತ್ತೆ ಹತ್ತತೊಡಗಿದಳು.

ಬಾತ್ಮಾ ಅಜ್ಜಿಯ ಗುಡಾರದ ಮುಂದೆ, ಕುರಿ ಮೇಯಿಸಿ ಬಂದಿದ್ದ ಸಲೀಮಾ ಅಜ್ಜಿಗೆ ಕುದುರೆ ಹಾಲು ಕರೆದುಕೊಡುತ್ತಿದ್ದಳು. ಜೂರಕಾನ್ ಸುತ್ತು ಬಳಸಲಿಲ್ಲ.

"ಸಲೀಮಾ, ನಿನ್ನ ಮಗೂಗೆ ಹನಿ ಹಾಕ್ಬೇಕು. ಹೂಂ ಅನ್ನು."

ಸಲೀಮಾ, ಬಾಗಿಲ ಬಳಿ ನಿಂತಿದ್ದ ಬಾತ್ಮಾ ಅಜ್ಜಿಯ ಮುಖ ನೋಡಿದಳು. ಕೈ ಒರೆಸಿಕೊಂಡು ಎದ್ದಳು. "ನಾನು ಹೆಸರಿಗೆ ತಾಯಿ ಅಷ್ಟೇನಮ್ಮ. ಆ ಹುಡುಗಿ ಮೂರು ಕೂಸು ಮಣ್ಣಿಗಿಟ್ಟವ್ಳೆ. ನಾನು ಹೂಂ ಅಂದು ನಾಳೆ ಏನಾದ್ರೂ ಆದ್ರೆ? ಅವಳ ಮುಖ ಹೆಂಗೆ ನೋಡ್ಲಿ? ನಾನು ಹೂಂ ಅನ್ನಲ್ಲ."

ಹೆತ್ತವಳು ನನ್ನದು ಅನ್ನುವಂತಿಲ್ಲ, ಕೊಂಡವಳು ಹೂಂ ಅನ್ನುವುದಿಲ್ಲ. ಪೆಟ್ಟಿಗೆಯಲ್ಲಿ ಮಂಜುಗಡ್ಡೆ ನೀರಾಗುತ್ತಿತ್ತು. ಇಳಿದು ಹೋಗೋಣ ಎಂದು ನಾನು ಬಾಯಿ ತೆರೆಯುವುದರಲ್ಲಿದ್ದೆ.

"ಹಂಗಾದ್ರೆ ನಂಗೆ ಮಾರು," ಎಂದಳು ಜೂರಕಾನ್. "ನಾನು ತಾಯಿಯಾಗಿ ಹೂಂ ಅಂತೀನಿ. ಏನಾದ್ರೂ ಆದ್ರೆ ನನ್ನ ತಲೆ ಮೇಲಿರ್ಲಿ."

ಅಜ್ಜಿ ಬೆಚ್ಚಿ ಎರಡು ಹೆಜ್ಜೆ ಮುಂದೆ ಬಂದಳು. "ಬೇಡ! ಬೇಜಾರ್ ಮಾಡ್ಕೋಬೇಡ ಮಗಳೇ, ನಿನ್ನ ಕಾಲು ನೋಡು. ಮಗು ತಾಯಿ ಕಾಲು ತಾನೆ ತಗೊಳ್ಳೋದು? ಕುಂಟಿಗೆ ಮಾರಿದ್ರೆ ನಾಳೆ ಅದರ ನಡಿಗೆ ಏನಾದೀತು?"

ಆ ಮಾತಿಗೆ ನನ್ನ ಮೈ ಉರಿಯಿತು. ಜೂರಕಾನ್ ಮಾತ್ರ ಅಲ್ಲೇ ಹುಲ್ಲಿನ ಮೇಲೆ ಕೂತು, ಪಟ್ಟಿಯ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕಾಲ್ಚೀಲ ಇಳಿಸಿದಳು. ಐವತ್ತು ವರ್ಷ ಯಾರಿಗೂ ತೋರಿಸದ ಕಾಲನ್ನು ಎಲ್ಲರೆದುರಿಗೆ ಬಿಸಿಲಿಗೆ ಚಾಚಿದಳು.

"ಸರಿಯಾಗಿ ನೋಡಜ್ಜಿ. ಇದು ನಮ್ಮಮ್ಮನಿಂದ ಬಂದಿದ್ದಲ್ಲ, ದೃಷ್ಟಿಯಿಂದ ಬಂದಿದ್ದೂ ಅಲ್ಲ. ನಮ್ಮಮ್ಮ ಈ ಬೆಟ್ಟದಲ್ಲಿ ಎಲ್ಲರಿಗಿಂತ ಜೋರಾಗಿ ನಡೀತಿದ್ಲು. ಈ ಎರಡು ಹನಿ ಒಂದು ವರ್ಷ ತಡ ಆಗಿ ಬಂತು, ಅದಕ್ಕೆ ಹಿಂಗಾಯ್ತು. ಇವತ್ತು ನಾನು ತಡ ಮಾಡಲ್ಲ."

ಆಗ ಗುಡಾರದ ಒಳಗಿನಿಂದ, ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ ಐಜಿರೆಕ್‌ಳ ದನಿ ಕೇಳಿತು. "ಸಲೀಮಾ ಅಮ್ಮ, ಮಾರಿಬಿಡಿ."

ಸಲೀಮಾ ಒಂದು ಬಟ್ಟಲು ತಂದಳು. ಹಾಲು ಕರೆಯುತ್ತಿದ್ದ ಆ ಕುದುರೆಯ ಮೇವಿನ ಚೀಲದಿಂದ ಜೂರಕಾನ್ ಅದಕ್ಕೆ ಒಂದು ಹಿಡಿ ತೌಡು ಹಾಕಿದಳು. ಗುಡಾರದ ಬದಿಯ ಉಣ್ಣೆ ಪರದೆಯನ್ನು ಸ್ವಲ್ಪ ಎತ್ತಿ, ಒಳಗಿನಿಂದ ಐದು ತಿಂಗಳ ಗಂಡುಕೂಸನ್ನು ಸಲೀಮಾ ಹೊರಗೆ ಜಾರಿಸಿದಳು. ಮಾರಿದ ಮಗು ಬಾಗಿಲಿನಿಂದ ಬರುವಂತಿಲ್ಲ. ಜೂರಕಾನ್ ಬರಿಗಾಲನ್ನು ಚಾಚಿಕೊಂಡೇ ಅದನ್ನು ಮಡಿಲಿಗೆ ತೆಗೆದುಕೊಂಡಳು. ನಾನು ಶೀಶೆ ತೆಗೆದು ಅದರ ಮೇಲಿನ ಗುರುತು ನೋಡಿದೆ. ಬಿಸಿಗೆ ಔಷಧಿ ಕೆಟ್ಟರೆ ಅದರ ನಡುವಿನ ಚೌಕ ಕಪ್ಪಾಗುತ್ತದೆ. ಚೌಕ ಇನ್ನೂ ಬಿಳಿಯಾಗಿತ್ತು.

"ತಾಯಿ ಒಪ್ಪಿಗೆ ಇದೆಯಾ?" ಎಂದೆ. ಕೇಳಲೇಬೇಕಾದ ಪ್ರಶ್ನೆ ಅದು.

"ಇದೆ," ಎಂದಳು ಜೂರಕಾನ್. ದನಿ ಒಡೆದುಹೋಯಿತು. ಟಿಕೆಟ್ ಕಿಟಕಿಯ ಆ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಎರಡು ಹನಿ. ಮಗು ಮುಖ ಕಿವುಚಿ, ಚಪ್ಪರಿಸಿ, ಅವಳ ಬೆರಳು ಹಿಡಿದುಕೊಂಡಿತು.

ಎರಡನೇ ಸುತ್ತಿಗೂ ಅವಳೇ ಹೋದಳು. ಮಗನಿಗೆ ಹನಿ ಹಾಕಿಸಬೇಕಲ್ಲ, ತಾಯಿ ಹೋಗದೆ ಇನ್ಯಾರು ಹೋಗುತ್ತಾರೆ ಎಂದು ನನ್ನ ಮೇಲೆ ರೇಗಿದಳು. ಚಳಿಗಾಲವೆಲ್ಲ ಟಿಕೆಟ್ ಕಿಟಕಿಯ ಹಿಂದೆ ಕೂತು ಪುಟ್ಟ ಕಾಲ್ಚೀಲ ಹೆಣೆದಳು. ಬಸ್ಸಿಗೆ ಬಂದವರು ಯಾರಿಗೆ ಎಂದು ಕೇಳಿದರೆ ಚಿಲ್ಲರೆಯನ್ನು ಕುಕ್ಕಿ ಕೊಡುತ್ತಿದ್ದಳು.

ಮುಂದಿನ ಜೂನಿನಲ್ಲಿ ಕಾಶ್ಕಾ-ಸೂನಿಂದ ಕರೆ ಬಂತು. ಮಗು ಎದ್ದು ನಿಲ್ಲುತ್ತಿದೆ, ಕಾಲಿನ ದಾರ ಕತ್ತರಿಸಬೇಕು ಎಂದು. ಮೊದಲ ಹೆಜ್ಜೆ ಇಡುವ ಮಗುವಿನ ಎರಡೂ ಕಾಲಿಗೆ ಕಪ್ಪು-ಬಿಳಿ ದಾರ ಕಟ್ಟುತ್ತೇವೆ. ಮಕ್ಕಳನ್ನು ಓಡಿಸಿ, ಗೆದ್ದವರ ಕೈಗೆ ಚಾಕು ಕೊಡುತ್ತೇವೆ. ದಾರ ಕತ್ತರಿಸಿದವರ ಹಾಗೆ ಮಗು ಓಡಲಿ ಎಂದು.

ಹತ್ತು-ಹನ್ನೆರಡು ಮಕ್ಕಳು ದೂರದ ಬಂಡೆಯ ಬಳಿ ಓಟಕ್ಕೆ ಸಾಲು ನಿಂತಿದ್ದರು. ಬಾತ್ಮಾ ಅಜ್ಜಿ ಅವರತ್ತ ಕೈ ಬೀಸಿ, ನೀವು ಆಟ ಆಡ್ಕೊಳ್ಳಿ ಹೋಗಿ ಎಂದಳು. ನೇರವಾಗಿ ಜೂರಕಾನ್ ಬಳಿ ಬಂದು ಚಾಕುವಿನ ಹಿಡಿಯನ್ನು ಅವಳತ್ತ ಚಾಚಿದಳು.

"ತಲೆ ಕೆಟ್ಟಿದೆಯಾ ಅಜ್ಜಿ? ಓಡೋರು ಕತ್ತರಿಸ್ಬೇಕು ಇದನ್ನ," ಎಂದಳು ಜೂರಕಾನ್.

"ಓಡೋ ಮಕ್ಕಳು ಬಂಡೆಯಿಂದ ಇಲ್ಲಿಗೆ ಓಡ್ತಾವೆ. ಅದೇನ್ ಮಹಾ! ಹೋದ ವರ್ಷ ಇಳಿದು ಹೋದೋಳು ಕುದುರೆ ಇಲ್ದೆ ಮತ್ತೆ ಹತ್ತಿ ಬಂದ್ಯಲ್ಲ, ಹಂಗೆ ನಡೀಲಿ ನಮ್ಮ ಹುಡುಗ. ಕತ್ತರಿಸು."

ಜೂರಕಾನ್ ಬಗ್ಗಿ ದಾರ ಕತ್ತರಿಸಿದಳು. ಹುಡುಗ ತೂರಾಡಿದ, ಅವಳ ಕಬ್ಬಿಣದ ಪಟ್ಟಿ ಹಿಡಿದು ನಿಂತ, ಆಮೇಲೆ ಕೈ ಬಿಟ್ಟು ಐಜಿರೆಕ್ ಕಡೆಗೆ ನಾಲ್ಕು ಹೆಜ್ಜೆ ನಡೆದ. ಐಜಿರೆಕ್ ಅವನನ್ನು ಎತ್ತಿಕೊಳ್ಳಲಿಲ್ಲ. ತೌಡಿನ ಬಟ್ಟಲು ಹಿಡಿದು ಜೂರಕಾನ್ ಮುಖವನ್ನೇ ನೋಡುತ್ತ ನಿಂತಳು.

"ತಗೋ ಹುಡುಗಿ, ನಿನ್ನ ಮಗ," ಎಂದು ಜೂರಕಾನ್ ಬಟ್ಟಲು ಇಸಿದುಕೊಂಡಳು. "ಇನ್ಮೇಲೆ ಯಾರು ಕೇಳಿದ್ರೂ ನಂದು ಅಂತ ಕೂಗಿ ಹೇಳು."

ಐಜಿರೆಕ್ ಬೆಟ್ಟಕ್ಕೆಲ್ಲ ಕೇಳುವಂತೆ ಕೂಗಿದಳು.