ಬೋರಲಿಟ್ಟ ತಾಟು

ಪಾರೀಸಪ್ಪ ಉಣ್ಣಲಿಲ್ಲ. ಉಂಡವನು ನಾನು. ಅವರು ಉಂಡರೆಂದು ಪತ್ರಿಕೆಯಲ್ಲಿ ಬರೆದವನೂ ನಾನೇ. ಅದನ್ನು ಓದಿದ ಜನ ಅವರ ಬಲಗೈಯನ್ನು ಎತ್ತಿನ ಗಾಡಿಯ ನೊಗದ ಮೇಲೆ ಒತ್ತಿಹಿಡಿದು ಕೊಡಲಿಯ ಬೆನ್ನಿನಿಂದ ಜಜ್ಜಿದಾಗ, ರಕ್ತ ಅಂಗಿಗೆ ಸಿಡಿಯುವಷ್ಟು ಹತ್ತಿರ ನಿಂತಿದ್ದವನು — ಒಂದೇ ಮಾತಿನಿಂದ ಅದನ್ನು ತಡೆಯಬಹುದಾಗಿದ್ದವನು — ನಾನೇ.

ಮುಖ್ಯ ಸಂಗತಿ ಮೊದಲ ಸಾಲಿನಲ್ಲೇ ಬರಬೇಕು ಎಂಬುದು ವರದಿಗಾರನ ಮೊದಲ ಪಾಠ. ಈ ಮೊದಲ ಸಾಲು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಆಗ ಎಂಬತ್ತರ ದಶಕದ ಕೊನೆ. ನಾನು ಚಿಕ್ಕೋಡಿಯಲ್ಲಿದ್ದುಕೊಂಡು ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ — ಕೋರ್ಟಿನ ತೀರ್ಪು, ಹೊಳೆಯ ನೆರೆ, ಗಡಿಯ ಗಲಾಟೆ. ಆ ವರ್ಷ ಯಡೂರಿನಾಚೆ, ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ ಕಬ್ಬಿನ ಹೋರಾಟ ನಡೆದಿತ್ತು. ಸಕ್ಕರೆ ಕಾರ್ಖಾನೆ ನ್ಯಾಯದ ದರ ಕೊಡುವವರೆಗೆ ಕಬ್ಬು ಕಡಿಯುವುದಿಲ್ಲ ಎಂದು ಜನ ಗಾಡಿಗಳನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ಬಸ್ಸು ನಿಲ್ಲುವ ಜಾಗದಲ್ಲಿ ಪೆಂಡಾಲು ಹಾಕಿ, ಸರದಿಯಂತೆ ಉಪವಾಸ ಕೂತಿದ್ದರು. ಕದ್ದು ಕಬ್ಬು ಸಾಗಿಸಲು ನೋಡಿದವನ ಟ್ರ್ಯಾಕ್ಟರನ್ನು ಸುಟ್ಟಿದ್ದರು. ಪೊಲೀಸರ ಲಾಠಿಗೆ ಒಬ್ಬ ಮುದುಕನ ತಲೆ ಒಡೆದಿತ್ತು. ಇದನ್ನೆಲ್ಲ ಬರೆದವನು ನಾನೇ. ಹಾಗಾಗಿ — ಆ ಊರಿನಲ್ಲಿ ಯಾವ ಮಾತು ಬಿದ್ದರೆ ಏನು ಹೊತ್ತಿಕೊಳ್ಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ.

ಹೋರಾಟದ ಮುಂದಾಳು ಪಾರೀಸಪ್ಪ. ಜೈನ ಒಕ್ಕಲು ಮನೆತನದವರು. ಕೂಗಾಡಿ ಭಾಷಣ ಮಾಡುವವರಲ್ಲ; ಎದುರಿಗಿದ್ದವನ ಬಾಯನ್ನು ಒಂದು ನಗೆಮಾತಿನಿಂದ ಮುಚ್ಚಿಸುವವರು. ಕಾರ್ಖಾನೆಯ ಮಾಲೀಕರು ಮುಂಬೈಯವರು. ಮಾತುಕತೆಗೆ ಪಾರೀಸಪ್ಪ ಒಬ್ಬರೇ ಮುಂಬೈಗೆ ಬರಲಿ ಎಂದು ಹೇಳಿಕಳಿಸಿದಾಗ ಪೆಂಡಾಲಿನಲ್ಲಿ ಗುಸುಗುಸು ಎದ್ದಿತು. ಉಪವಾಸಕ್ಕೆ ಕೂತಿದ್ದ ಅವರ ಚಿಕ್ಕಪ್ಪನ ಮಗ ಅಪ್ಪಾಸಾಬ ಎಲ್ಲರೆದುರಿಗೇ ಅಂದ:

“ಅಣ್ಣಾ, ಹೋಗಿ ಬಾ. ಆದ್ರ ಅವರ ನೀರ ಸೈತ ಮುಟ್ಟಬ್ಯಾಡ. ನಾವಿಲ್ಲಿ ಹಸಗೊಂಡ ಕುಂತೀವಿ.”

ಪಾರೀಸಪ್ಪ ನನ್ನತ್ತ ತಿರುಗಿದರು. “ಪೇಪರ್‌ನವರ, ನೀವೂ ಬರ್ರಿ ನನ್ನ ಜೋಡಿ. ಒಂದು ಸಾಕ್ಷಿ ಇರಲಿ. ನಾಳೆ ಯಾರರೆ ಏನರೆ ಅಂದ್ರ ನೀವ ಹೇಳಬೇಕು.”

ಸಾಕ್ಷಿ. ಅವರು ನನಗೆ ಕೊಟ್ಟ ಕೆಲಸ ಅದೊಂದೇ.

ಮುಂಬೈಯ ಕಚೇರಿಯಲ್ಲಿ ನಮ್ಮನ್ನು ಹಗಲೆಲ್ಲ ಕಾಯಿಸಿದರು. ಕಿಟಕಿಯಾಚೆ ಬಿಸಿಲು ಕೆಂಪಾದ ಮೇಲೆ ಮ್ಯಾನೇಜರ ಹೊರಬಂದು, ಗೆಳೆಯರನ್ನು ಕರೆಯುವಂತೆ, “ಚಲಾ, ಖಾತಾ ಖಾತಾ ಬೋಲೂಯಾ” ಅಂದ — ನಡೀರಿ, ತಿನ್ನುತ್ತ ಮಾತಾಡೋಣ. ಪಾರೀಸಪ್ಪ ಆಕಾಶ ನೋಡಿದರು. ಬರುವುದಿಲ್ಲ ಎಂದರೆ ರೈತರೇ ಮಾತುಕತೆ ಮುರಿದರು ಎಂದು ಕಾರ್ಖಾನೆಯವರು ಸಾರುತ್ತಾರೆ. ಅದಕ್ಕೇ ಬಂದರು.

ಆ ಬೀದಿಯಲ್ಲಿ ಒಂದರ ಮಗ್ಗುಲಿಗೆ ಒಂದು ಬೇರೆ ಬೇರೆ ದೇಶದ ಅಡುಗೆಯ ಹೋಟೆಲುಗಳಿದ್ದವು. ಕಚೇರಿ ಬಿಟ್ಟ ಹುಡುಗರು, ಹುಡುಗಿಯರು ನಮ್ಮೂರಲ್ಲಿ ಚಹಾದಂಗಡಿಗೆ ಹೋಗುವಷ್ಟು ಸಲೀಸಾಗಿ ಇಟಲಿಯದಕ್ಕೋ ಚೀನಾದ್ದಕ್ಕೋ ನುಗ್ಗುತ್ತಿದ್ದರು. ಈ ಸಲ ಚೀನಾ, ಮುಂದಿನ ಸಲ ಇಟಲಿ — ಮ್ಯಾನೇಜರ ನಕ್ಕ. ಒಳಗೆ ಕೆಂಪು ಕಾಗದದ ದೀಪಗಳು. ಗಾಜಿನಾಚೆ ಅಡುಗೆಮನೆ, ಬೆಂಕಿ ಬಾಣಲೆಯಿಂದ ಮೇಲಕ್ಕೆ ಚಿಮ್ಮುತ್ತಿತ್ತು, ಅಡುಗೆಯವನೊಬ್ಬ ಅಗಲವಾದ ಕತ್ತಿಯಿಂದ ಮರದ ಕೊರಡಿನ ಮೇಲೆ ಏನನ್ನೋ ಕೊಚ್ಚುತ್ತಿದ್ದ. ಆ ಸದ್ದು ನಿಲ್ಲಲೇ ಇಲ್ಲ. ಈಗಲೂ —

ಮೇಜು ದುಂಡಗಿತ್ತು. ನಡುವೆ ತಿರುಗುವ ಗಾಜಿನ ಹಲಗೆ. ಅದರ ಮೇಲೆ ಸೂಪು, ನೂಡಲ್ಸು, ಹುರಿದ ಅನ್ನ. ನಮಗಾಗಿ ತರಿಸಿದ್ದೆಲ್ಲ ಸಸ್ಯಾಹಾರವೇ. ಪಾರೀಸಪ್ಪ ತಮ್ಮ ತಾಟನ್ನು ಬೋರಲು ಹಾಕಿದರು. ಬಡಿಸುವವನು ಬಂದು ಎತ್ತಿಟ್ಟ. ಅವರು ಮತ್ತೆ ಬೋರಲು ಹಾಕಿದರು.

“ಹೊತ್ತ ಮುಳಗೇತಿ. ನಮ್ಮದು ಉಣ್ಣೂದು ಆಗಂಗಿಲ್ಲ. ನೀವು ಉಣ್ರಿ, ನಾ ಮಾತಾಡತೀನಿ.”

ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟದ ವ್ರತ ಅವರ ಮನೆಯಲ್ಲಿ ತಲೆಮಾರುಗಳಿಂದ ನಡೆದುಬಂದದ್ದು. ನೀರನ್ನೂ ಕುಡಿಯಲಿಲ್ಲ. ಮಾತಾಡಿದರು — ದರ, ತೂಕದ ಮೋಸ, ಒಣಗುತ್ತಿದ್ದ ಕಬ್ಬು. ಮ್ಯಾನೇಜರ ಹಲಗೆ ತಿರುಗಿಸಿ ಅವರ ಮುಂದೆ ಒಂದೊಂದನ್ನೇ ತಂದು ನಿಲ್ಲಿಸುತ್ತಿದ್ದ. ಅವರು ಬೆರಳಿನಿಂದ ಮೆಲ್ಲಗೆ ದೂಡಿ ಅದನ್ನು ನನ್ನ ಮುಂದೆ ಕಳಿಸುತ್ತಿದ್ದರು. ಬಲಗೈಯ ಬೆರಳು. ನಾನು ಉಣ್ಣುತ್ತಿದ್ದೆ. ಬೆಳಗಿನಿಂದ ಹಸಿದಿದ್ದೆ, ಅಂಥದ್ದನ್ನು ಜನ್ಮದಲ್ಲಿ ಕಂಡಿರಲಿಲ್ಲ. ನನ್ನದು ಮುಗಿದು ಅವರ ಪಾಲಿನ ಬಟ್ಟಲಿಗೆ ಕೈ ಹಾಕಿದಾಗ ಪಾರೀಸಪ್ಪ ಹಿಂದಿಯಲ್ಲಿ ಮ್ಯಾನೇಜರನಿಗೆ ಹೇಳಿ, ಅದನ್ನೇ ನನಗೆ ಕನ್ನಡದಲ್ಲಿ ಅಂದರು:

“ನಾಳೆ ಇದನ್ನೂ ಬರೀರಿ ಮತ್ತ — ರೈತರ ಪಾಲು ಪೇಪರ್‌ನವ ತಿಂದ ಅಂತ!”

ಮೇಜಿಗೆ ಮೇಜೇ ನಕ್ಕಿತು. ಮ್ಯಾನೇಜರ ಕರವಸ್ತ್ರದಿಂದ ಕಣ್ಣೊರೆಸಿಕೊಂಡ. ಬಡಿಸುವವನು ಸಹ ನಕ್ಕ. ನನ್ನ ಬಾಯಿಯಲ್ಲಿ ನೂಡಲ್ಸು ಅರ್ಧ ಒಳಗೆ, ಅರ್ಧ ಹೊರಗೆ.

ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ — ಸಿಕ್ಕಿಲ್ಲ. ಯಾರೂ ನನಗೆ ಲಂಚ ಕೊಡಲಿಲ್ಲ, ಯಾರೂ ಬೆದರಿಸಲಿಲ್ಲ. ನಾಲ್ಕು ಜನರೆದುರು ನನ್ನ ಹಸಿವನ್ನು ನೋಡಿ ನಕ್ಕರು, ನನಗೆ ಉರಿಯಿತು.

ಅದೇ ರಾತ್ರಿ ಟ್ರಂಕ್ ಕಾಲ್ ಹಚ್ಚಿ ಕಚೇರಿಗೆ ಸುದ್ದಿ ಹೇಳಿದೆ. ಅತ್ತ ಉಪವಾಸ, ಇತ್ತ ಭೋಜನ. ಮುಂಬೈಯ ಚೀನಿ ಹೋಟೆಲಿನಲ್ಲಿ ಕಾರ್ಖಾನೆಯವರೊಂದಿಗೆ ಮುಖಂಡರು. ಸೂಪು, ನೂಡಲ್ಸು ಸವಿದರು. ನಗೆಚಾಟಿಕೆಯೂ ನಡೆಯಿತು. — ಇಷ್ಟೇ. ಆ ಮೇಜಿನಲ್ಲಿ ನಾನಿದ್ದೆ ಎಂಬುದನ್ನು ಬಿಟ್ಟೆ. ಸಸ್ಯಾಹಾರ ಎಂಬ ಪದವನ್ನು ಬಿಟ್ಟೆ. ಬೋರಲು ತಾಟನ್ನು ಬಿಟ್ಟೆ. ಫೋನಿನಾಚೆಯ ಉಪಸಂಪಾದಕ “ಚಲೋ ಐತ್ರಿ” ಅಂದ. ನನಗೂ ಹಾಗೇ ಅನ್ನಿಸಿತು.

ಮರುದಿನದ ಮಾತುಕತೆ ಮುರಿದುಬಿತ್ತು. ಸಂಜೆ ಇಬ್ಬರೂ ನಿಪ್ಪಾಣಿಯ ಬಸ್ಸು ಹತ್ತಿದೆವು. ನಾನು ಎಚ್ಚರವಾಗಿದ್ದೆ, ಅವರು ನನ್ನ ಹೆಗಲಿಗೆ ತಲೆ ಕೊಟ್ಟು ಮಲಗಿದ್ದರು. ಬೆಳಕು ಹರಿದು ಬಿಸಿಲು ಕಿಟಕಿಗೆ ಬಿದ್ದಾಗ ಎದ್ದು, ಬಟ್ಟೆಯ ಗಂಟು ಬಿಚ್ಚಿ, ಮನೆಯಿಂದ ತಂದಿದ್ದ ಖಡಕ್ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟರು. ಮೇಲೆ ಶೇಂಗಾ ಚಟ್ನಿ. “ತಗೋರಿ. ಚೀನಾದ್ದ ಉಂಡ್ರಿ, ಈಗ ನಮ್ಮದೂ ಉಣ್ರಿ.” ಪತ್ರಿಕೆ ಹಿಂದಿನ ದಿನವೇ ಊರು ಮುಟ್ಟಿತ್ತು. ನನಗೆ ಗೊತ್ತಿತ್ತು. ನಿಪ್ಪಾಣಿಯಲ್ಲಿ ಹೇಳಬಹುದಿತ್ತು, ಚಿಕ್ಕೋಡಿಯಲ್ಲಿ ಬಸ್ಸು ಬದಲಿಸುವಾಗ ಹೇಳಬಹುದಿತ್ತು — ಇವತ್ತು ಊರಿಗೆ ಹೋಗಬೇಡಿ ಎಂದು. ರೊಟ್ಟಿ ತಿಂದೆ.

ಬಸ್ಸು ನಿಂತ ಕೂಡಲೇ ಕಲ್ಲು ಬಂತು. ಕಿಟಕಿಯ ಗಾಜು ಒಡೆದು ಒಬ್ಬ ಹೆಂಗಸಿನ ಹಣೆ ಸೀಳಿತು. ಜನ ಅವಳನ್ನು ದಾಟಿಕೊಂಡು ಒಳನುಗ್ಗಿ ಪಾರೀಸಪ್ಪನವರನ್ನು ಕೊರಳಪಟ್ಟಿ ಹಿಡಿದು ಕೆಳಗೆ ಎಳೆದರು. ನಾನೂ ಹಿಂದೆಯೇ ಇಳಿದೆ.

“ಇಳೀಲೇ, ಚೀನಾದವನ! ಏನ್ ಸೂಪ್ ಕುಡದಿ — ಹಾವಿಂದೋ, ಕಪ್ಪಿಂದೋ?”

ಅವರು ಮೊದಲು ನಕ್ಕರು. ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡಿರಬೇಕು. ಚಪ್ಪಲಿ ಬಾಯಿಗೆ ಬಿತ್ತು, ತುಟಿ ಒಡೆಯಿತು. ಬಿದ್ದರು. ಎದೆಗೆ, ಹೊಟ್ಟೆಗೆ ಒದ್ದರು. ಬೆಳಿಗ್ಗೆ ತಿಂದ ರೊಟ್ಟಿ ಮಣ್ಣಿಗೆ ವಾಂತಿಯಾಯಿತು. ಅದನ್ನು ಕಂಡು ಒಬ್ಬ ಕೂಗಿದ: “ನೋಡ್ರಿ, ನೋಡ್ರಿ, ಹೊಟ್ಟಿ ತುಂಬ ತಿಂದ ಬಂದಾನ!”

ಅಪ್ಪಾಸಾಬ ಮುಂದೆ ಬಂದ. ಉಪವಾಸದಿಂದ ಅವನ ಕೆನ್ನೆ ಒಳಸೇರಿತ್ತು, ಕೈಯಲ್ಲಿ ಕೊಡಲಿ ಇತ್ತು.

“ಅಪ್ಪಾಸಾಬ, ನಾ ಹೊತ್ತ ಮುಳಗಿದ ಮ್ಯಾಲ ಉಣ್ಣಂಗಿಲ್ಲೋ. ನಿನಗ ಗೊತ್ತಿಲ್ಲೇನ?”

“ಮುಂಬೈದಾಗ ಹೊತ್ತ ಎಲ್ಲಿ ಮುಳಗತೈತಣ್ಣಾ? ಅಲ್ಲಿ ಬರೇ ಲೈಟ.”

ಪಾರೀಸಪ್ಪ ನೆಲದಿಂದಲೇ ಕೈಯೆತ್ತಿ ನನ್ನನ್ನು ತೋರಿಸಿದರು. “ಇವರ ಇದ್ರಲ್ಲ ಅಲ್ಲೆ. ಇವರನ್ನ ಕೇಳ್ರಿ.”

ಎಲ್ಲರೂ ತಿರುಗಿದರು. ಬಸ್ಸಿನೊಳಗೆ ಆ ಹೆಂಗಸು ನರಳುತ್ತಿದ್ದಳು. ಅಪ್ಪಾಸಾಬ ಕೇಳಿದ: “ಹೇಳ್ರಿ ಸಾಹೇಬ್ರ. ಉಂಡನೋ, ಇಲ್ಲೋ?”

ನಾನು ಅಂದೆ: “ಪೇಪರ್‌ದಾಗ ಬಂದದ್ದು ಖರೇನ ಐತ್ರಿ.”

ಅಂಜಿಕೆಯಿಂದ ಆಡಿದ ಮಾತು ಎಂದರೆ ಸುಲಭವಾಗುತ್ತದೆ. ಹಾಗಲ್ಲ. ಸುಳ್ಳು ಬರೆದವನು ನಾನು ಎಂದರೆ ಆ ಕೊಡಲಿ ನನ್ನತ್ತ ಬರುತ್ತದೆ ಎಂದು ಯೋಚಿಸಿದೆ. ಯೋಚಿಸಲು ನನಗೆ ಸಮಯವಿತ್ತು. ಧ್ವನಿ ಕೂಡ ನಡುಗಲಿಲ್ಲ.

ಪಾರೀಸಪ್ಪ ನನ್ನನ್ನು ನೋಡಿದರು. ‘ಉಂಡವನು ಅವನೇ’ ಎಂದು ಕೂಗಿ ಹೇಳಬಹುದಿತ್ತು. ಹೇಳಲಿಲ್ಲ.

“ಯಾವ ಕೈಲೆ ತಿಂದಿ, ಆ ಕೈ ಚಾಚು” ಅಂದ ಅಪ್ಪಾಸಾಬ. ಅವರು ಚಾಚಲಿಲ್ಲ, ಇಬ್ಬರು ಹಿಡಿದು ಚಾಚಿಸಿದರು. ರಸ್ತೆಗೆ ಅಡ್ಡ ನಿಂತಿದ್ದ ಗಾಡಿಯ ನೊಗ. ಕೊಡಲಿಯ ಬೆನ್ನು. ಮೊದಲ ಏಟಿಗೆ ಬಂದ ಸದ್ದನ್ನು ನಾನು ಮುಂಬೈಯಲ್ಲಿ ಕೇಳಿದ್ದೆ — ಮರದ ಮೇಲೆ ಕತ್ತಿ ಬೀಳುವ ಸದ್ದು. ಆಮೇಲಿನ ಏಟುಗಳ ಸದ್ದು ಬೇರೆ, ಹಸಿ ಸದ್ದು. ಬೆರಳುಗಳು ಯಾವುದು ಯಾವುದೆಂದು ತಿಳಿಯದಂತಾದವು. ನಾನು ನೋಡುತ್ತಿದ್ದೆ. ನೋಡುವುದು ನನ್ನ ಕಸುಬು.

ಮೀರಜಿನ ದವಾಖಾನೆಯಲ್ಲಿ ಅವರ ಎರಡು ಬೆರಳು ತೆಗೆದರು, ಉಳಿದವು ಮಡಚಲಿಲ್ಲ. ಕೇಳಲು ಬಂದ ಪೊಲೀಸರಿಗೆ ಪಾರೀಸಪ್ಪ, ಗಾಡಿಯಿಂದ ಬಿದ್ದೆ ಅಂದರು — ಅಪ್ಪಾಸಾಬ ಜೈಲಿಗೆ ಹೋಗಬಾರದೆಂದು. ನಾನು ಅದನ್ನೇ ಬರೆದು ಕಳಿಸಿದೆ: ಗಾಡಿಯಿಂದ ಬಿದ್ದು ಮುಖಂಡರಿಗೆ ಗಾಯ. ತಮ್ಮನನ್ನು ಉಳಿಸಲು ಅವರು ಹೇಳಿದ ಸುಳ್ಳು, ನನ್ನ ಉರಿಗೆ ನಾನು ಹೇಳಿದ ಸುಳ್ಳು — ಎರಡೂ ಒಂದೇ ಗಾತ್ರದ ಅಕ್ಷರದಲ್ಲಿ ಅಚ್ಚಾದವು. ಪೆಂಡಾಲು ಕಿತ್ತರು. ಕಾರ್ಖಾನೆ ಹೇಳಿದ ದರಕ್ಕೆ ಕಬ್ಬು ಹೋಯಿತು. ಊರಿನಲ್ಲಿ ಅವರಿಗೆ ಹೊಸ ಹೆಸರು ಬಿತ್ತು: ಚೀನಾ ಪಾರೀಸ. ಬಸದಿಯಲ್ಲಿ ಅವರು ಬಂದರೆ ಮಗ್ಗುಲಿಗೆ ಕೂತವರು ಎದ್ದು ಹೋಗುತ್ತಿದ್ದರಂತೆ.

ತೊಂಬತ್ತರ ದಶಕದ ನಡುವೆ ಚಿಕ್ಕೋಡಿಯ ಕೋರ್ಟಿನ ಹತ್ತಿರವೂ ಒಂದು ಚೈನೀಸ್ ಗಾಡಿ ಬಂತು. ಹಲಗೆಯ ಮೇಲೆ ಬೆಂಕಿಯುಗುಳುವ ಹಾವಿನಂಥ ಚಿತ್ರ. ಒಂದು ಸಂಜೆ ಅಲ್ಲಿ ನಿಂತು ತಿನ್ನುತ್ತಿದ್ದೆ. ಪಕ್ಕದಲ್ಲಿ ಯಾರೋ ನಿಂತರು. ಎಡಗೈಯಲ್ಲಿ ಚೀಲ, ಬಲಗೈ ಧೋತರದ ಮಡಿಕೆಯಲ್ಲಿ.

“ಏನ್ರಿ, ಇನ್ನೂ ಹಸಿವು ತೀರಿಲ್ಲೇನ್ರಿ?”

ನಗುತ್ತಲೇ ಕೇಳಿದರು. ನಾನು ಬಾಯಿ ತೆರೆದೆ — ಏನು ಹೇಳಲು ಹೊರಟಿದ್ದೆನೋ — “ಉಣ್ರಿ, ಉಣ್ರಿ. ನನ್ನ ಬಸ್ಸ ಬಂತು” ಎಂದು ನಡೆದೇಬಿಟ್ಟರು.

ಪಾರೀಸಪ್ಪನವರೇ, ಅಂದು ಬಸ್ಸು ಬಂದಿರಲಿಲ್ಲ. ನೀವು ನಿಲ್ದಾಣದ ಕಂಬಕ್ಕೆ ಒರಗಿ ಬಹಳ ಹೊತ್ತು ನಿಂತಿದ್ದಿರಿ. ನಾನು ಗಾಡಿಯ ಮರೆಯಿಂದ ನೋಡಿದೆ. ಬರಲಿಲ್ಲ. ಇದನ್ನು ಓದುವ ಅಪ್ಪಾಸಾಬನಿಗೆ ತಾನು ಜಜ್ಜಿದ್ದು ಎಂಥ ಕೈ ಎಂದು ತಿಳಿಯುತ್ತದೆ. ಅವನು ಇಷ್ಟು ವರ್ಷ ನೆಮ್ಮದಿಯಿಂದ ಮಲಗಿದ್ದರೆ ಅದೂ ನನ್ನ ಸುಳ್ಳಿನ ಮೇಲೆ. ಇದು ಅಚ್ಚಾದ ದಿನ ಪತ್ರಿಕೆಯನ್ನು ನಾನೇ ತೆಗೆದುಕೊಂಡು ನಿಮ್ಮೂರಿಗೆ ಬರುತ್ತೇನೆ. ಪೆಂಡಾಲು ಇದ್ದ ಜಾಗದಲ್ಲಿ ನಿಂತು ಜೋರಾಗಿ ಓದುತ್ತೇನೆ. ಯಾರು ಏನು ಮಾಡಿದರೂ ಗಾಡಿಯಿಂದ ಬಿದ್ದೆ ಎಂದು ಬರೆಯುವುದಿಲ್ಲ.

ಆ ಮೇಜಿನಲ್ಲಿ ನೀವು ಬರೆಯಲು ಹೇಳಿದ ಸಾಲು ಒಂದೇ. ಅದು ನಿಜವಾಗಿತ್ತು. ಈಗ ಬರೆಯುತ್ತಿದ್ದೇನೆ: ರೈತರ ಪಾಲು ಪೇಪರ್‌ನವ ತಿಂದ.