ಚೀಟಿಯ ಮೇಲಿನ ಶ್ರೀಕಾರ

ಏನನ್ನೇ ಬರೆಯುವ ಮೊದಲು ಹಾಳೆಯ ತಲೆಯ ಮೇಲೆ ‘ಶ್ರೀ’ ಎಂದು ಬರೆಯುವುದು ನನ್ನ ಅಭ್ಯಾಸ. ನನ್ನ ತಾಯಿಯೂ ಹಾಗೇ ಬರೆಯುತ್ತಿದ್ದರು. ದಿನಸಿ ಪಟ್ಟಿ, ಮಗಳ ಶಾಲೆಗೆ ಕೊಡುವ ರಜೆ ಚೀಟಿ, ಫ್ರಿಜ್ ಬಾಗಿಲಿಗೆ ಅಂಟಿಸುವ ‘ಹಾಲು ಮುಗಿದಿದೆ’ ಎಂಬ ತುಂಡು ಕಾಗದ, ಎಲ್ಲಕ್ಕೂ ಮೊದಲು ಶ್ರೀಕಾರ. ದೇಶ ಬಿಟ್ಟು ಲೋವರ್ ಹಟ್ ಎಂಬ ಈ ಊರಿಗೆ ಬಂದು ಹದಿನಾಲ್ಕು ವರ್ಷವಾಯಿತು, ಕೈ ಅದನ್ನು ಬಿಟ್ಟಿಲ್ಲ. ಅದರಿಂದ ಒಬ್ಬರಿಗೆ ಕೇಡಾದೀತು ಎಂದು ನಾನು ಎಣಿಸಿಯೇ ಇರಲಿಲ್ಲ.

ಇಲ್ಲಿ ನಮ್ಮ ಕನ್ನಡದವರದ್ದು ಒಂದು ಚಿಕ್ಕ ಬಳಗವಿದೆ. ಹಬ್ಬಕ್ಕೆ ಸೇರುತ್ತೇವೆ, ಬೇಸಿಗೆಯಲ್ಲಿ ಪಾರ್ಕಿನಲ್ಲಿ ಕೂತು ಪುಳಿಯೋಗರೆ ತಿನ್ನುತ್ತೇವೆ. ಇದೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಬುಧವಾರ. ಬುಧವಾರ ಬೆಳಿಗ್ಗೆ ಚರ್ಚಿನ ಹಿಂದಿನ ಹಾಲ್‌ನಲ್ಲಿ ನಮ್ಮ ಮನೆಗಳ ಹಿರಿಯರು ಕೂಡುತ್ತಿದ್ದರು. ಹಾಡು, ಚೌಕಾಬಾರ, ಮಂಡಿನೋವಿನ ಮಾತು, ಕಾಫಿ. ಅದನ್ನು ಶುರು ಮಾಡಿದವರು ನಾನು ಅಕ್ಕ ಎಂದು ಕರೆಯುವ ಧಾರವಾಡದ ಒಬ್ಬ ಹೆಂಗಸು. ಅವರ ತಾಯಿ ಇಲ್ಲಿಗೆ ಬಂದಾಗ ಅಕ್ಕನೂ ಅವರ ಮನೆಯವರೂ ದಿನವಿಡೀ ಕೆಲಸಕ್ಕೆ ಹೋಗುವವರು. ತಾಯಿ ಕಿಟಕಿಯ ಹತ್ತಿರ ಕೂತು ಡ್ರೈವ್‌ವೇ ನೋಡುತ್ತ ನೋಡುತ್ತ ಮಾತನ್ನೇ ಕಡಿಮೆ ಮಾಡಿಬಿಟ್ಟರು. ಅದನ್ನು ಕಂಡು ಅಕ್ಕ ಆಸ್ಪತ್ರೆಯ ಲ್ಯಾಬಿನ ತಮ್ಮ ಕೆಲಸದಲ್ಲಿ ಬುಧವಾರ ಬಿಡುವು ಮಾಡಿಕೊಂಡು ಈ ಕೂಟ ಹೂಡಿದರು. ತಾಯಿಗೆ ಮೂರು ವರ್ಷದ ಬುಧವಾರಗಳು ಸಿಕ್ಕವು. ಅವರು ಹೋದ ಮೇಲೂ ಅಕ್ಕ ನಿಲ್ಲಿಸಲಿಲ್ಲ. ತಾಯಿಯ ತಿಥಿಗಿಂತ ಆ ಹಾಲ್‌ನಲ್ಲಿ ಕುರ್ಚಿ ಹಾಕುವುದೇ ಅವರಿಗೆ ದೊಡ್ಡದಾಗಿತ್ತು.

ಹೋದ ವರ್ಷ ಬಳಗದ ಅಧ್ಯಕ್ಷರು ಕೆಲಸ ಬದಲಾಗಿ ಒನೆಹುಂಗಾ ಎಂಬ ದೂರದ ಊರಿಗೆ ಹೊರಟರು. ಆ ಜಾಗಕ್ಕೆ ಮೂರು ಜನ ನಿಂತರು. ಒಬ್ಬರು ಅಕ್ಕ. ಇನ್ನೊಬ್ಬರು ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರ್. ಕರೆಯದಿದ್ದರೂ ಬಂದು ನಮ್ಮ ಮನೆ ಬೆಚ್ಚಗಿಡುವ ಹೀಟ್ ಪಂಪ್ ಸರಿ ಮಾಡಿಕೊಟ್ಟವರು ಅವರು, ಒಳ್ಳೆಯ ಮನುಷ್ಯ. ಮೂರನೆಯವನು ಆಗಷ್ಟೇ ಓದು ಮುಗಿಸಿ ಪಾಮರ್ಸ್ಟನ್ ನಾರ್ತ್‌ನಿಂದ ಬಂದ ಹುಡುಗ.

ಬೆಂಗಳೂರಿನವರ ಮಾತು ನೇರವಾಗಿತ್ತು. ಚರ್ಚಿನವರು ನಮಗೆ ವಾರಕ್ಕೆ ಒಂದೇ ದಿನ ಹಾಲ್ ಕೊಡುತ್ತಾರೆ. ಬುಧವಾರ ಬರುವವರು ಹತ್ತು ಹನ್ನೆರಡು ಜನ. ಅದನ್ನು ಬಿಟ್ಟು ಶನಿವಾರ ತೆಗೆದುಕೊಂಡರೆ ಮಕ್ಕಳಿಗೆ ಕನ್ನಡ ಕಲಿಸಬಹುದು. ಅದರಲ್ಲಿ ತಪ್ಪೇನಿದೆ? ನನ್ನ ಮಗಳನ್ನು ಊಟಕ್ಕೆ ಬಾ ಎಂದು ಕನ್ನಡದಲ್ಲಿ ಕರೆದರೆ ‘ಕಮಿಂಗ್ ಮಮ್’ ಎನ್ನುತ್ತಾಳೆ. ಆದರೆ ಹಾಲ್ ಒಂದೇ, ದಿನವೂ ಒಂದೇ. ಅಕ್ಕ ಸೋತರೆ ಬುಧವಾರ ಇಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಮೊದಲ ಸಲ ಕೈ ಎತ್ತಿಸಿದರು. ಯಾರಿಗೂ ಅರ್ಧ ದಾಟಲಿಲ್ಲ. ಹಾಗಾದರೆ ಮೇಲಿನ ಇಬ್ಬರ ನಡುವೆ ಎರಡು ವಾರ ಬಿಟ್ಟು ಇನ್ನೊಂದು ಸುತ್ತು ಆಗಬೇಕು ಎಂದು ಬಳಗದ ನಿಯಮ. ಮೂರನೆಯವನಾದ ಹುಡುಗ ಹೊರಗುಳಿದ. ಆಗ ಅಕ್ಕ ಎದ್ದು ನಿಂತು, ಈ ಸಲ ಕೈ ಬೇಡ, ಚೀಟಿ ಇರಲಿ ಎಂದರು. ಅವರು ಕಂಡದ್ದನ್ನು ನಾನೂ ಕಂಡಿದ್ದೆ. ಎಷ್ಟೋ ಹೆಂಗಸರು ಪಕ್ಕದಲ್ಲಿ ಕೂತ ಗಂಡನ ಕೈ ಎಲ್ಲಿದೆ ಎಂದು ನೋಡಿಯೇ ತಮ್ಮ ಕೈ ಎತ್ತಿದ್ದರು. ನಾನೂ ಒಂದು ಕ್ಷಣ ನಮ್ಮ ಮನೆಯವರ ಕಡೆ ನೋಡಿದ್ದೆ. ಚೀಟಿಗೆ ಎಲ್ಲರೂ ಒಪ್ಪಿದರು.

ಆ ಎರಡು ವಾರ ನಾನು ಮಾಡಿದಷ್ಟು ಫೋನು ಜನ್ಮದಲ್ಲಿ ಮಾಡಿಲ್ಲ. ಎರಡನೇ ಸುತ್ತಿಗೆ ಜನರನ್ನು ಕರೆತರುವುದು ಎಷ್ಟು ಕಷ್ಟ ಎಂದು ಆಗಲೇ ಗೊತ್ತಾದದ್ದು. ಹುಡುಗನಿಗೆ ಕೈ ಎತ್ತಿದವರು, ನಮ್ಮವನೇ ಇಲ್ಲವಲ್ಲ, ಇನ್ನು ಯಾಕೆ ಬರಬೇಕು ಎಂದರು. ಕೆಲವರು ಭಾನುವಾರ ಮಕ್ಕಳ ಈಜು ಇದೆ ಎಂದರು. ಮಗನ ಮನೆಯಲ್ಲಿರುವ ಮಂಡ್ಯದ ಅಜ್ಜಿಗೆ ಮೊದಲ ಸುತ್ತು, ಎರಡನೇ ಸುತ್ತು ಎಂದು ಬಿಡಿಸಿ ಹೇಳಿದರೆ, “ಆವತ್ತು ಕೈ ಎತ್ತಿದ್ನಲ್ಲವ್ವ, ಅಷ್ಟರಲ್ಲೇ ಹಳಸೋಯ್ತಾ?” ಎಂದು ಕೇಳಿದರು.

ಅಕ್ಕ ನನಗೆ ಕೊಟ್ಟ ಅಪ್ಪಣೆ ಒಂದೇ.

“ನೋಡ ತಂಗಿ, ಯಾರಿಗೆ ಹಾಕ್ತೀರಿ ಅಂತ ಯಾರನ್ನೂ ಕೇಳಬ್ಯಾಡ. ಕಾರಿನಾಗ ಕೂಡಿಸ್ಕೊಂಡು ಬಾ, ಅಷ್ಟ ಸಾಕು. ಅವರ ಕಡೆಯವರಿದ್ರೂ ಬಿಟ್ಟು ಬರಬ್ಯಾಡ.”

ನಾನು ಹಾಗೇ ಮಾಡಿದೆ. ಕನ್ನಡಕ ಮರೆಯಬೇಡಿ ಎಂದು ನೆನಪಿಸಿದೆ, ಮಾತ್ರೆಯ ಹೊತ್ತು ಕೇಳಿಕೊಂಡೆ. ಬೆಂಗಳೂರಿನ ಒಬ್ಬ ಅಜ್ಜಿಗೆ ಮೊಮ್ಮಗ ಕನ್ನಡ ಕಲಿಯಲಿ ಎಂಬ ಆಸೆ. ಅವರ ಓಟು ಆ ಕಡೆಗೇ ಎಂದು ತಿಳಿದೂ ಅವರಿಗೆ ಮುಂದಿನ ಸೀಟು ಕೊಟ್ಟೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಓಟಿನ ಹಿಂದಿನ ದಿನ ಮಧ್ಯಾಹ್ನ ಆರು ಅಜ್ಜಿಯರನ್ನು ಮನೆಗೆ ಕರೆದು ಚೀಟಿ ಹಾಕುವುದನ್ನು ಅಭ್ಯಾಸ ಮಾಡಿಸೋಣ ಎನಿಸಿತು. ಊರಿನಲ್ಲಿ ಅವರು ಒತ್ತಿದ್ದು ಗುಂಡಿ. ಇಲ್ಲಿ ಪೆನ್ನು ಹಿಡಿಯಬೇಕಲ್ಲ. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಕತ್ತರಿಸಿ, ಹಿಂದುಗಡೆ ಎರಡು ಹೆಸರು ಬರೆದು, ಹೆಸರುಗಳ ಮುಂದೆ ಒಂದೊಂದು ಚೌಕ ಹಾಕಿ, ಬೇಕಾದವರ ಚೌಕದಲ್ಲಿ ರೈಟ್ ಮಾರ್ಕ್ ಹಾಕಿ ಎಂದು ತೋರಿಸಿದೆ. ತೋರಿಸುವ ಮೊದಲು, ಯೋಚನೆಯನ್ನೇ ಮಾಡದೆ, ಮೇಲೆ ‘ಶ್ರೀ’ ಬರೆದೆ.

ಮಂಡ್ಯದ ಅಜ್ಜಿ ಚೀಟಿಯನ್ನು ಕಣ್ಣ ಹತ್ತಿರ ತಂದು, ಇದನ್ನೂ ಬರೀಬೇಕಾ ಎಂದು ಕೇಳಿದರು.

“ಬರೆದ್ರೆ ಒಳ್ಳೇದೇ ಅಲ್ವಾ ಅಜ್ಜಿ” ಎಂದೆ.

ನನ್ನ ಈ ಮಾತು ಆಮೇಲೆ ಮತ್ತೆ ಮತ್ತೆ ನನ್ನ ಕಿವಿಯಲ್ಲಿ ಕೇಳಿದೆ, ದೀಪ ಹಚ್ಚುವಾಗಲೂ. ಅಜ್ಜಿಯ ಮುಖ ಅರಳಿತು. ಅವರು ಶಾಲೆಗೆ ಹೋದದ್ದು ಒಂದೇ ವರ್ಷ. ತಮ್ಮ ಹೆಸರನ್ನೂ ನೋಡಿಕೊಂಡು ಬರೆಯುವವರು. ಆದರೆ ಹಬ್ಬದಲ್ಲಿ ಗೋಡೆಗೆ ಅರಿಶಿನದಲ್ಲಿ ಬರೆದೂ ಬರೆದೂ ಶ್ರೀಕಾರ ಮಾತ್ರ ಅವರಿಗೆ ಕೈವಶವಾಗಿತ್ತು. ಎಷ್ಟು ದುಂಡಗೆ ಬರೆದರೆಂದರೆ ಉಳಿದ ಐವರೂ ಇಣುಕಿ ನೋಡಿ ಅದರಂತೆಯೇ ಬರೆದರು. ರೈಟ್ ಮಾರ್ಕ್ ಹಾಕುವಾಗ ಅಜ್ಜಿಯ ಕೈ ನಡುಗಿತು, ಶ್ರೀಕಾರಕ್ಕೆ ನಡುಗಲಿಲ್ಲ.

ಭಾನುವಾರ ಗಾಳಿ ಜೋರಾಗಿದ್ದರೂ ಮಳೆ ಇರಲಿಲ್ಲ. ಅದು ದೇವರು ಕೊಟ್ಟದ್ದು ಎಂದುಕೊಂಡೆ. ಆರು ಜನರನ್ನು ಎರಡು ಸಲಕ್ಕೆ ಕರೆತಂದೆ. ಎರಡೂ ಕಡೆಗೆ ಸೇರದವರು ಇರಲಿ ಎಂದು ನಮ್ಮ ಬೀದಿಯ ಒಬ್ಬ ನಿವೃತ್ತ ಮೇಷ್ಟ್ರನ್ನು, ಇಲ್ಲಿಯವರನ್ನೇ, ಎಣಿಕೆಗೆ ಕೂರಿಸಿದ್ದರು. ಮೊದಲಿಗೇ ಅವರು ನಿಯಮವನ್ನು ಇಂಗ್ಲಿಷಿನಲ್ಲಿ ಓದಿದರಂತೆ. ಒಂದು ರೈಟ್ ಮಾರ್ಕ್ ಬಿಟ್ಟು ಚೀಟಿಯ ಮೇಲೆ ಬೇರೆ ಅಕ್ಷರವಾಗಲಿ ಗುರುತಾಗಲಿ ಇದ್ದರೆ ಅದು ಯಾರ ಚೀಟಿ ಎಂದು ತಿಳಿದುಹೋಗುತ್ತದೆ, ಆದ್ದರಿಂದ ಅದು ಎಣಿಕೆಗೆ ಬರುವುದಿಲ್ಲ ಎಂದು. ಆಗ ನಾನು ಎರಡನೇ ಸಲಕ್ಕೆಂದು ದಾರಿಯಲ್ಲಿದ್ದೆ. ಮೊದಲು ಬಂದಿದ್ದ ಮೂವರು ಅಜ್ಜಿಯರಿಗೆ ಆ ಇಂಗ್ಲಿಷ್ ಅರ್ಥವಾಗಿರಲಿಲ್ಲ. ನಾನು ಬಂದವಳೇ ಅವಸರದಲ್ಲಿ ಪರದೆಯ ಹಿಂದೆ ಹೋಗಿ, ಶ್ರೀ ಬರೆದು, ರೈಟ್ ಮಾರ್ಕ್ ಹಾಕಿ, ಮಡಿಸಿ, ಕಣ್ಣಿಗೊತ್ತಿಕೊಂಡು ಡಬ್ಬಿಗೆ ಹಾಕಿದೆ.

ಅಜ್ಜಿಯರು ಪಕ್ಕದ ಕೋಣೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾಗ ಎಣಿಕೆ ಶುರುವಾಯಿತು. ಮೇಷ್ಟ್ರು ಒಂದು ಚೀಟಿ ಎತ್ತಿ ಹಿಡಿದು, ಈ ಚಿತ್ರ ಏನು ಎಂದು ಕೇಳಿದರು. ಯಾರೋ ನಕ್ಕರು. ಮತ್ತೊಂದು ಬಂತು. ಮತ್ತೊಂದು. ನಗು ನಿಂತಿತು. ಏಳು ಚೀಟಿಗಳನ್ನು ಅವರು ಮೇಜಿನ ತುದಿಯಲ್ಲಿ ಸಾಲಾಗಿ ಇಟ್ಟರು. ನಡುವೆ ಇದ್ದ ದುಂಡನೆಯ ಶ್ರೀಕಾರ ಯಾರದ್ದೆಂದು ನಾನು ಬಾಗಿಲಿನಿಂದಲೇ ಗುರುತಿಸಿದೆ.

ಅವನ್ನು ಬಿಟ್ಟು ಎಣಿಸಿದಾಗ ಅಕ್ಕ ನಾಲ್ಕು ಓಟು ಹಿಂದೆ. ಆ ಏಳರಲ್ಲಿ ಆರು ಅಕ್ಕನಿಗೆ, ಒಂದು ಬೆಂಗಳೂರಿನವರಿಗೆ. ಸೇರಿಸಿದರೆ ಅಕ್ಕ ಒಂದು ಓಟಿನಿಂದ ಗೆಲ್ಲುತ್ತಿದ್ದರು. ಎಲ್ಲರೂ ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದರು.

ಬೆಂಗಳೂರಿನವರೇ ಮೊದಲು ಬಾಯಿ ಬಿಟ್ಟು, ಇದು ದೇವರ ಹೆಸರು, ಮುದುಕರು ಅಭ್ಯಾಸಬಲದಿಂದ ಬರೆದಿದ್ದಾರೆ, ಸೇರಿಸಿಕೊಳ್ಳಿ ಎಂದು ಮೇಷ್ಟ್ರಿಗೆ ಹೇಳಿದರು. ಅವರ ಆ ದೊಡ್ಡತನವನ್ನು ಇಲ್ಲಿ ಬರೆಯದಿದ್ದರೆ ನನಗೆ ಪಾಪ ಬಂದೀತು. ಹಿಂದಿನ ಸಾಲಿನಲ್ಲಿ ಒಬ್ಬರು, ಇವೆಲ್ಲ ಒಂದೇ ಮನೆಯಲ್ಲಿ ತಯಾರಾದ ಓಟು ಎಂದು ಗೊಣಗಿದರು. ಇಬ್ಬರೂ ಒಪ್ಪಿದರೆ ಸೇರಿಸುತ್ತೇನೆ ಎಂದು ಮೇಷ್ಟ್ರು ಅಕ್ಕನ ಮುಖ ನೋಡಿದರು.

ಅಕ್ಕ ಚೀಟಿಗಳನ್ನು ಒಂದೊಂದಾಗಿ ನೋಡಿದರು. ನನ್ನ ಕಡೆ ತಿರುಗಲಿಲ್ಲ.

“ಚೀಟಿ ಬೇಕಂತ ಕೇಳಿದಾಕಿ ನಾನ. ಯಾರದು ಯಾವುದಂತ ಗೊತ್ತಾಗಬಾರದು ಅಂತ ಕೇಳಿದ್ದೆ. ಈಗ ಎಲ್ಲಾರಿಗೂ ಗೊತ್ತಾತು. ತಗದು ಇಡ್ರಿ.”

ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ನಾನು ಅವರ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ, ಅದೊಂದು ಪುಣ್ಯ.

“ಇರ್ಲಿ ಬಿಡ ತಂಗಿ. ಆ ಮಂಡ್ಯದ ಅಜ್ಜಿಗೆ ಮಾತ್ರ ಹೇಳಬ್ಯಾಡ. ಆಕಿಗೆ ಬರಿಯಾಕ ಬರೂದು ಅದೊಂದ.”

ಮುಂದಿನ ತಿಂಗಳಿಂದ ಬುಧವಾರ ನಿಂತಿತು. ಶನಿವಾರದ ತರಗತಿ ಚೆನ್ನಾಗಿ ನಡೆಯುತ್ತಿದೆ. ನನ್ನ ಮಗಳೂ ಹೋಗುತ್ತಾಳೆ, ಮೊನ್ನೆ ‘ಅಮ್ಮ, ಹಸಿವು’ ಎಂದಳು. ಕಣ್ಣಲ್ಲಿ ನೀರು ಬಂತು, ಯಾವುದಕ್ಕೆಂದು ಕೇಳಿದರೆ ಹೇಳಲಾರೆ. ಬುಧವಾರ ನನ್ನ ಮುಂದಿನ ಕೋಣೆಯಲ್ಲೇ ನಾಲ್ಕು ಅಜ್ಜಿಯರನ್ನು ಕೂರಿಸಿಕೊಳ್ಳುತ್ತೇನೆ. ಮಿಕ್ಕವರನ್ನು ಕರೆತರಲು ಅವರ ಮನೆಯವರಿಗೆ ಆಗುವುದಿಲ್ಲ, ನನ್ನ ಸೋಫಾದಲ್ಲಿ ಜಾಗವೂ ಇಲ್ಲ. ಹೀಟ್ ಪಂಪ್ ಕೆಟ್ಟಿಲ್ಲ, ಅದು ದೇವರ ದಯೆ. ಸರಿ ಮಾಡಿಕೊಟ್ಟವರನ್ನೂ ನೆನೆಯುತ್ತೇನೆ.

ಅಕ್ಕನನ್ನೂ ಕರೆದೆ. ಒಂದು ಸಲವಲ್ಲ, ಐದಾರು ಸಲ. ಲ್ಯಾಬಿನಲ್ಲಿ ಬುಧವಾರದ ಪಾಳಿ ಮತ್ತೆ ಹಿಡಿದಿದ್ದೇನೆ ಎಂದರು. ಮನೆಯಲ್ಲಿ ಕೂತರೆ ಕಿಟಕಿ ಕಡೆಗೇ ಕಣ್ಣು ಹೋಗುತ್ತದಂತೆ. ಸಿಟ್ಟಿಲ್ಲ ಎಂದರು, ನಂಬುತ್ತೇನೆ. ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಬಂದರು, ಹತ್ತು ನಿಮಿಷ ಕೂತರು, ಹೋದರು.

ಹೋದ ಬುಧವಾರ ಮಂಡ್ಯದ ಅಜ್ಜಿ ಚೌಕಾಬಾರದ ಕವಡೆಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಹಾಕದೆ, ನನ್ನ ಮುಖ ನೋಡಿದರು. ಮಗನ ಮನೆಯಲ್ಲಿ ಯಾರೋ ಆಡಿಕೊಂಡದ್ದು ಕಿವಿಗೆ ಬಿದ್ದಿತ್ತಂತೆ.

“ಯಾರೋ ಏಳು ಜನ ಓಟು ಕೆಡಿಸಿದ್ರಂತಲ್ಲವ್ವ. ಅದಕ್ಕೇ ನಮ್ ಧಾರವಾಡದವಳು ಸೋತ್ಲಂತೆ. ಯಾರವ್ವ ಅವ್ರು? ಕೈ ಸೇದೋಗ.”

“ಗೊತ್ತಿಲ್ಲ ಅಜ್ಜಿ” ಎಂದೆ.

“ನಾನಂತೂ ಸರಿಯಾಗೇ ಹಾಕ್ದೆ. ಶ್ರೀಕಾರ ಬರ್ದೇ ಹಾಕ್ದೆ.”

ಹೌದು ಅಜ್ಜಿ, ನೀವು ಸರಿಯಾಗೇ ಹಾಕಿದಿರಿ ಎಂದೆ. ಅಜ್ಜಿ ಕವಡೆ ಹಾಕಿದರು. ನಾನು ಕಾಫಿ ತರುತ್ತೇನೆಂದು ಎದ್ದು ಅಡಿಗೆಮನೆಗೆ ಹೋದೆ.