ನಾನು ಕಣ್ಣು ಮುಚ್ಚಿದಾಗ ನಡೆದವಳು

ನಮ್ಮ ಮೊಮ್ಮಗಳು ನಡೆದಳು ನೋಡ್ರಿ! ಯಾರ ಕೈಯನ್ನೂ ಹಿಡಿಯದೆ, ಗೋಡೆಯನ್ನೂ ಮುಟ್ಟದೆ, ನಮ್ಮ ಅಂಗಳದಲ್ಲಿ ತಾನೇ ನಡೆದಳು. ಇವತ್ತು ಮುಂಜಾನೆ. ಓಣಿಯಲ್ಲಿ ಎದುರಾದವರಿಗೆಲ್ಲ ಹೇಳಿದ್ದೇನೆ, ಹಾಲಿನವನಿಗಂತೂ ಎರಡು ಸಲ ಹೇಳಿದೆನಂತೆ. ಆದರೆ ಆಕೆ ನಡೆದದ್ದನ್ನು ನಾನೇ ನೋಡಲಿಲ್ಲ!

ಅದು ಹೆಂಗ ಅಂತೀರಿ? ಹೇಳತೇನಿ.

ನಾವು ಸವಣೂರಿನವರು. ಮಗ, ಸೊಸೆ ಶೇಂಗಾ, ಸೇವು ಕಲಸಿದ ಖಾರಾ ಮಾಡಿಕೊಂಡು ಮಾರಲು ಊರೂರ ಸಂತೆಗೆ ಹೋಗುತ್ತಾರೆ. ಮನೆಯಲ್ಲಿ ನಾನು, ನಮ್ಮ ಯಜಮಾನರು, ನಾಲ್ಕು ವರ್ಷದ ಈ ಮೊಮ್ಮಗಳು. ಕೂಸಿನ ಬಲಗಾಲಿಗೆ ಹುಟ್ಟಿದಾಗಿನಿಂದ ಕಸುವಿಲ್ಲ. ಹಾವೇರಿಯ ಡಾಕ್ಟರಮ್ಮ ಕಾಲಿನ ವ್ಯಾಯಾಮ ತೋರಿಸಿಕೊಟ್ಟು, "ಒಂದು ದಿನಾನೂ ತಪ್ಪಸಬ್ಯಾಡ್ರಿ. ಮತ್ತ ಸದಾ ಕೈ ಹಿಡಕೊಂಡ ಇರಬ್ಯಾಡ್ರಿ, ಬಿಡ್ರಿ" ಅಂದಿದ್ದರು. ತಪ್ಪಿಸಲಿಲ್ಲ. ಕೈ ಬಿಡುವುದು ಮಾತ್ರ ನನ್ನಿಂದಾಗಲಿಲ್ಲ. ಬಿದ್ದರೆ?

ಎತ್ತಿದ ಕಾಲನ್ನು ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದಕ್ಕೆ ಗಡಿಯಾರ ನೋಡಲು ನನಗೆ ಬರುವುದಿಲ್ಲ, ಸಾಲಿಗೆ ಹೋದವಳಲ್ಲ. ಅದಕ್ಕೆ ಯೇಸುಸ್ವಾಮಿ ಕಲಿಸಿದ ಕರ್ತನ ಪ್ರಾರ್ಥನೆ ಹೇಳುತ್ತಿದ್ದೆ. ಆಮೆನ್ ಅನ್ನುವ ತನಕ ಕಾಲು ಮೇಲೆ. ಆದರೆ ಪ್ರಾರ್ಥನೆ ಶುರುವಾದರೆ ಸೆರಗು ತಲೆಗೆ ಬರುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ. ಹುಟ್ಟಾ ಬಂದ ರೂಢಿ. ಆ ಕಳ್ಳಿ ನನ್ನ ಕಣ್ಣು ಮುಚ್ಚಿದ ಕೂಡಲೇ ಕಾಲು ಇಳಿಸಿ, ಆಮೆನ್ ಹತ್ತಿರ ಬಂದಾಗ ಮತ್ತೆ ಎತ್ತುತ್ತಿದ್ದಳು!

"ನಿನ್ನ ಪ್ರಾರ್ಥನಾ ದೇವರಿಗೆ ಮುಟ್ಟಾಕತ್ತೈತಿ, ಕೂಸಿನ ಕಾಲಿಗೆ ಮುಟ್ಟವಲ್ದು" ಅಂತ ಯಜಮಾನರು ನಕ್ಕಾಗಲೇ ನನಗೆ ಗೊತ್ತಾದದ್ದು.

ಇವತ್ತು ಗೋಡೆ ಹಿಡಿದು ನಿಲ್ಲುವ ವ್ಯಾಯಾಮ. ಆಕೆಯ ಒಂದು ಕೈ ಗೋಡೆಗೆ, ಇನ್ನೊಂದು ನನ್ನ ಮುಷ್ಟಿಯಲ್ಲಿ. ಪ್ರಾರ್ಥನೆ ಹೇಳುತ್ತ ಹೇಳುತ್ತ ಮನಸ್ಸು ತುಂಬಿಬಂತು, ಮೈಮರೆತು ಎರಡೂ ಕೈ ಜೋಡಿಸಿಬಿಟ್ಟೆ. ಆಮೆನ್ ಅಂದು ಕಣ್ಣು ತೆರೆದರೆ ಗೋಡೆಯ ಹತ್ತಿರ ಕೂಸಿಲ್ಲ! ನೋಡಿದರೆ ಅಂಗಳದ ಆಚೆ, ಕಟ್ಟೆಯ ಮೇಲೆ ಅಜ್ಜನ ಪಕ್ಕ ಬಾಯಿತುಂಬ ಖಾರಾ ಇಟ್ಟುಕೊಂಡು ಕೂತಿದ್ದಾಳೆ.

"ಆಕಿನ್ನ ಎತ್ತಿಕೊಂಡ ಹೋದ್ರೇನ್ರಿ?"

"ನಾ ಎದ್ದ ಇಲ್ಲ. ತಾನ ನಡಕೊಂಡ ಬಂದ್ಲು." ಅವರು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

"ಮತ್ತ ನನ್ನ ಕರೀಬಾರದಾ!"

"ಪ್ರಾರ್ಥನಾ ನಡುವ ಮಾತಾಡಿದ್ರ ಲಗ್ನಾದಾಗಿಂದ ಬೈಕೋತ ಬಂದೀಯಲ್ಲ! ಬಾಯಾಗ ಟವೆಲ್ ತುರುಕ್ಕೊಂಡ ಕುಂತಿದ್ನಿ."

ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ. "ಇನ್ನೊಮ್ಮೆ ನಡಿ ನನ್ನ ಬಂಗಾರ" ಅಂತ ಗೋಗರೆದರೆ, "ಆಯಿ, ನೀ ಕಣ್ಣ ಮುಚ್ಚು" ಅಂದಳು. ನಾನು ಬೆರಳ ಸಂದಿಯಿಂದ ಇಣುಕಿದ್ದು ಕಂಡು ಅಲ್ಲೇ ಕೂತುಬಿಟ್ಟಳು.

ಫೋನು ಹಚ್ಚಿದೆ. ಸೊಸೆ ಹಿರೇಕೆರೂರು ಸಂತೆಯಲ್ಲಿದ್ದಳು.

"ಅತ್ತಿ, ನಿಮ್ಮ ಕಣ್ಣಾರೆ ನೋಡೀರಿ?"

"ನಾ ನೋಡಿಲ್ಲವ್ವಾ, ನಿಮ್ಮ ಮಾವ ನೋಡ್ಯಾರ."

"ಮಾವನ್ನ ನಂಬೂದು ಹೆಂಗ್ರಿ? ಅವರು ಚಾಷ್ಟಿ ಮಾಡೋ ಮಂದಿ!"

ಹಂಗಂದರೂ ಉಳಿದ ಖಾರಾ ಗಂಟು ಕಟ್ಟಿ ಇಬ್ಬರೂ ಬಸ್ಸು ಹತ್ತಿದರಂತೆ. ಇತ್ತ ಮಧ್ಯಾಹ್ನ ಉರುಳಿದರೂ ಕೂಸು ಮತ್ತೆ ಹೆಜ್ಜೆ ಇಡಲಿಲ್ಲ. ಅವ್ವನ ಎದುರಿಗೆ ನಡೆಯದೆ ಹೋದರೆ? ಮುಂಜಾನೆಯದು ಒಮ್ಮೆಗೇ ಮುಗಿದುಹೋದದ್ದಾಗಿದ್ದರೆ?

ರೊಟ್ಟಿ ಬಡಿಯುತ್ತ ನನಗೆ ಒಂದು ಹೊಳೆಯಿತು. ದೇವರ ಕೈಯಲ್ಲಿ ಕೊಟ್ಟೆ, ಕೊಟ್ಟೆ ಅಂತ ದಿನಾ ಹೇಳುತ್ತಿದ್ದೆ, ಕೂಸಿನ ಕೈಯನ್ನು ಮಾತ್ರ ನನ್ನ ಮುಷ್ಟಿಯಲ್ಲೇ ಇಟ್ಟುಕೊಂಡಿದ್ದೆ. ಅವನು ಹಿಡಿಯಬೇಕಾದರೆ ನಾನು ಬಿಡಬೇಕಲ್ಲ! ದಿನಾ ಮಾಡಿದ ವ್ಯಾಯಾಮ ಕಾಲಿಗೆ ಕಸುವು ಕೊಟ್ಟಿತು. ಕೈ ಬಿಡುವುದು ನನ್ನ ಪಾಲಿನ ವ್ಯಾಯಾಮ, ಅದನ್ನು ಒಂದು ದಿನವೂ ಮಾಡಿರಲಿಲ್ಲ.

ಸಂಜೆ ಮಗ, ಸೊಸೆ ಬಂದರು. ಎಲ್ಲರೂ ಊಟಕ್ಕೆ ಕೂತೆವು. ರೊಟ್ಟಿಯ ಬುಟ್ಟಿ ನನ್ನ ಹತ್ತಿರ, ಕೂಸು ಅದರ ಪಕ್ಕ ಗೋಡೆ ಹಿಡಿದು ನಿಂತಿದ್ದಳು. ಸೊಸೆ ಎದುರಿಗೆ. ನಾನು ಸೆರಗು ಹೊದ್ದು ಎರಡೂ ಕೈ ಜೋಡಿಸಿ ಪ್ರಾರ್ಥನೆ ಶುರುಮಾಡಿದೆ. ಖರೇ ಹೇಳತೇನಿ, ಒಂದು ಕಣ್ಣು ಮಾತ್ರ ಮುಚ್ಚಿದ್ದೆ.

ಕೂಸು ಸುತ್ತ ನೋಡಿದಳು. ಒಂದು ರೊಟ್ಟಿ ಎತ್ತಿಕೊಂಡು, ಗೋಡೆ ಬಿಟ್ಟು, ತೂಗಾಡುತ್ತ ತೂಗಾಡುತ್ತ ಅವ್ವನ ಕಡೆ ಹೊರಟಳು. ಹಿಡಿಯಲು ಕೈ ಮೇಲೇಳುತ್ತಿತ್ತು, ಬೆರಳಿಗೆ ಬೆರಳು ಬಿಗಿದುಕೊಂಡೆ. ಪ್ರಾರ್ಥನೆ ಎಲ್ಲಿಗೆ ಬಂದಿತ್ತೋ ಗೊತ್ತಿಲ್ಲ, ಹೇಳಿದ್ದನ್ನೇ ಹೇಳುತ್ತಿದ್ದೆ. ಆಚೀಚೆ ನೋಡಿದರೆ ಯಜಮಾನರದೂ ಒಂದು ಕಣ್ಣು ತೆರೆದಿದೆ, ಮಗನದೂ ತೆರೆದಿದೆ! ಸೊಸೆಯ ಎರಡೂ ತೆರೆದಿದ್ದವು, ನೀರು ಕೆನ್ನೆಗಿಳಿದಿತ್ತು.

ರೊಟ್ಟಿ ಅವ್ವನ ತಾಟಿಗೆ ಬಿತ್ತು. ಕೂಸು ಅವ್ವನ ಮಡಿಲಿಗೆ ಬಿದ್ದಳು.

ಆಮೆನ್ ಅಂದದ್ದು ಯಾರೋ, ನಕ್ಕದ್ದು ಯಾರೋ. "ಎಲ್ಲಾರೂ ಕಣ್ಣ ತಗದೀರಿ!" ಅಂತ ಕೂಸು ಸಿಟ್ಟಾದಳು. ಆಮೇಲೆ ಅವ್ವನ ತಾಟಿನಲ್ಲೇ ಬದನೆಕಾಯಿ ಪಲ್ಯ ಹಚ್ಚಿಕೊಂಡು ರೊಟ್ಟಿ ತಿಂದಳು, ಮಾರದೆ ಉಳಿದ ಖಾರಾ ನಡುವೆ ಸುರುವಿಕೊಂಡು ನಾವೆಲ್ಲ ಕೈಗೆ ಕೈ ತಾಗಿಸುತ್ತ ಉಂಡೆವು.